ನಾಲ್ಕು ಖಾತೆ, ಒಂದು ಕಾರ್ಡು

2021ರ ಲಾಕ್‌ಡೌನ್‌ನಲ್ಲಿ ವೆನಿಸ್ಸಾ ಕ್ಯಾಸಲ್‌ನಾಕ್ ಬಡಾವಣೆಯ ತನ್ನ ಮನೆಯಲ್ಲೇ ಕುಳಿತು ಆನ್‌ಲೈನ್ ಜೂಜಿನ ಕಂಪನಿಯೊಂದಕ್ಕೆ ಬರುವ ದೂರುಗಳನ್ನು ವಿಚಾರಿಸುತ್ತಿದ್ದಳು. ಕೆಲಸಕ್ಕೆಂದು ಆ ದೇಶಕ್ಕೆ ಬಂದು ಅದೇ ನಗರದ ಕ್ಲಾಂಡಾಲ್ಕಿನ್ ಬಡಾವಣೆಯಲ್ಲಿದ್ದ ಲೋಹಿತ್ ಗೆದ್ದ ಹಣವನ್ನು ಕಂಪನಿ ತಡೆಹಿಡಿದಿತ್ತು. ಒಂದೇ ವಿಳಾಸದಿಂದ, ಒಂದೇ ಬ್ಯಾಂಕ್ ಕಾರ್ಡಿನಲ್ಲಿ ನಾಲ್ಕು ಖಾತೆಗಳಿದ್ದವು. ಒಬ್ಬನೇ ನಾಲ್ಕು ಹೆಸರಿನಲ್ಲಿ ಆಡಿ ವಂಚಿಸಿದ್ದಾನೆ ಎಂಬುದು ಆರೋಪ. ಅವನ ಹೆಸರು ನೋಡಿ, ಇವನೂ ತನ್ನಂತೆ ಕನ್ನಡದವನೇ ಎಂದುಕೊಂಡು ಅವಳು ಫೋನಿನಲ್ಲಿ ಕನ್ನಡದಲ್ಲೇ ಕೇಳಿದಳು.

"ಕಾರ್ಡು ಯಾರದ್ದು?"

"ನಂದೇ ಮೇಡಂ. ನಾಲ್ಕು ಜನ ಫ್ರೆಂಡ್ಸು ಒಂದೇ ಮನೇಲಿದೀವಿ. ಬಾಡಿಗೆ, ಅಕ್ಕಿ, ಕರೆಂಟು ಎಲ್ಲಾ ನನ್ ಕಾರ್ಡಲ್ಲೇ ಕಟ್ಟಿ ಆಮೇಲೆ ಹಂಚ್ಕೋತೀವಿ. ಇದನ್ನೂ ಹಂಗೇ ಮಾಡ್ಬಿಟ್ವಿ."

"ಲೆಕ್ಕದಲ್ಲಿ ಒಂದು ಈರುಳ್ಳೀನೂ ಬಿಡಲ್ಲ ಮೇಡಂ ಇವ್ನು!" ಹಿಂದಿನಿಂದ ಯಾರೋ ಕೂಗಿದರು.

"ಸುಮ್ನಿರೋ!" ಲೋಹಿತ್ ದನಿ ತಗ್ಗಿಸಿದ. "ದುಡ್ಡು ಹೋದ್ರೆ ಹೋಗ್ಲಿ. ವಂಚನೆ ಅಂತ ಬರೆದ್ರೆ ನನ್ ವರ್ಕ್ ಪರ್ಮಿಟ್ ಕಥೆ ಏನು ಮೇಡಂ?"

ವೆನಿಸ್ಸಾ ಉಳಿದ ಮೂವರ ಪಾಸ್‌ಪೋರ್ಟ್ ತರಿಸಿಕೊಂಡು, ಒಬ್ಬೊಬ್ಬರನ್ನೂ ವಿಡಿಯೊದಲ್ಲಿ ಮಾತನಾಡಿಸಿದಳು. ನಾಲ್ವರೂ ಬೇರೆ ಬೇರೆ ಮನುಷ್ಯರೇ. ಮತ್ತೊಬ್ಬರ ಕಾರ್ಡು ಬಳಸಿದ್ದಕ್ಕೆ ಆ ಮೂವರ ಖಾತೆಗಳನ್ನು ಮುಚ್ಚಿಸಿದಳು. ಲೋಹಿತ್ ತನ್ನ ಖಾತೆಯಲ್ಲಿ, ತನ್ನ ಕಾರ್ಡಿನಲ್ಲಿ ಆಡಿ ಗೆದ್ದಿದ್ದಾನೆ, ಹಣ ಕೊಡಬೇಕು ಎಂದು ಬರೆದಳು. ಆರೋಪದ ಕಾಲಂನಲ್ಲಿದ್ದ 'ವಂಚನೆ'ಯನ್ನು ಅಳಿಸಿ, 'ಆಧಾರವಿಲ್ಲ' ಎಂದು ತುಂಬಿದಳು.