ಹಿತ್ತಲ ಗರಡಿ

ಬಡಗಿ ಸಿದ್ದಪ್ಪ ಗೋಡೆಗೆ ಒರಗಿಸಿಟ್ಟಿದ್ದ, ಸಾಮು ಮಾಡುವ ಕರಲಾಕಟ್ಟೆಗಳಲ್ಲಿ ನುಣುಪಾದ ಒಂದನ್ನು ಆರಿಸಿ, ದೇವೀರಪ್ಪ ಎರಡೂ ಕೈಯಿಂದ ಹೆಗಲ ಮೇಲಕ್ಕೆ ಎತ್ತಿದ. ಗರಡಿಯ ಹುಡುಗರು ಅದನ್ನು ಹೂವಿನ ಚೆಂಡಿನ ಹಾಗೆ ತಿರುವುವುದನ್ನು ಅವನು ನೋಡಿದ್ದ. ಈಗ ಮರದ ದಪ್ಪ ತುದಿ ಅವನ ಮಾತು ಕೇಳದೆ ಬೆನ್ನ ಹಿಂದಕ್ಕೆ ಜಾರಿತು; ಅದರ ಹಿಂದೆ ಅವನೂ ತೂರಾಡುತ್ತ ಹೋಗಿ, ಮರದ ಹೊಟ್ಟಿನ ರಾಶಿಯಲ್ಲಿ ಕಾಲು ಹೂತುಕೊಂಡು ನಿಂತ. ರುಮಾಲು ಕಿವಿಯ ಮೇಲಕ್ಕೆ ಇಳಿಯಿತು.

"ಮುಂಗೈ ಸಡಿಲ ಬಿಡ್ಬೇಕು ಸಾವ್ಕಾರ್ರೆ," ಸಿದ್ದಪ್ಪ ಉಳಿ ಕೆಳಗಿಟ್ಟು ಎದ್ದು ಬಂದ. "ಹುಣಸೆಮರದ್ದು, ಭಾರ ಇರುತ್ತೆ. ನಿಮಗೇನಾ ಇದು?"

"ನನಗ್ಯಾಕಪ್ಪಾ ಈ ವಯಸ್ಸಲ್ಲಿ. ನಮ್ಮ ಬೆನಕನಿಗೆ."

"ಕೆರೆ ಏರಿ ಕೆಳಗಿನ ಗರಡೀಲಿ ಇಂಥವು ಬೇಕಾದಷ್ಟು ಬಿದ್ದಿದಾವೆ. ನಾನೇ ಮಾಡ್ಕೊಟ್ಟಿದ್ದು. ಅಲ್ಲಿಗೇ ಕಳಿಸ್ಬೋದಿತ್ತಲ್ಲ?"

"ಮನೇಲೇ ಇರ್ಲಿ ಅಂತ," ಎಂದು ದೇವೀರಪ್ಪ ರುಮಾಲು ಸರಿಮಾಡಿಕೊಂಡ. "ಇದರಲ್ಲೇ ಹಗುರವಾದ್ದು ಇಲ್ವಾ?"

"ಹಗುರದ್ದು ಮೂರು ತಿಂಗಳಾದ್ಮೇಲೆ ಅವರಿಗೆ ಸಾಕಾಗಲ್ಲ."

"ಹಂಗಾದ್ರೆ ಹಗುರದ್ದೂ ಕೊಡು, ಭಾರದ್ದೂ ಕೊಡು. ಆದ್ರೆ ಭಾರದ್ದನ್ನ ಒಂದು ಚೂರು ಕೆತ್ತು."

ಸಿದ್ದಪ್ಪ ನಗು ತಡೆದುಕೊಂಡು ಉಳಿ ಕೈಗೆತ್ತಿಕೊಂಡ.

ದೇವೀರಪ್ಪ ಅಜ್ಜಂಪುರದ ಪೇಟೆಯಲ್ಲಿ ಹತ್ತಿ ಮಂಡಿ ಇಟ್ಟವನು. ಬೆನಕಪ್ಪ ಅವನ ತಮ್ಮ. ಆದರೆ ಊರಿನ ಹೊಸಬರು ಮಗನೆಂದೇ ತಿಳಿಯುತ್ತಿದ್ದರು, ದೇವೀರಪ್ಪನೂ ತಿದ್ದಲು ಹೋಗುತ್ತಿರಲಿಲ್ಲ. ಪ್ಲೇಗು ಬಂದ ವರ್ಷ ಊರಿಗೆ ಊರೇ ಖಾಲಿಯಾಗಿ, ಜನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ಅಪ್ಪ, ಅವ್ವ, ತೊಟ್ಟಿಲಲ್ಲಿದ್ದ ತಮ್ಮದೇ ಹೆಣ್ಣುಕೂಸು, ಇಷ್ಟೂ ಜನರನ್ನು ಆ ಹೊಲದ ಮಣ್ಣಿಗೆ ಒಪ್ಪಿಸಿ ದೇವೀರಪ್ಪನೂ ಅವನ ಹೆಂಡತಿ ಈರಕ್ಕನೂ ಊರಿಗೆ ಮರಳಿದಾಗ ಅವರ ಜೊತೆಗಿದ್ದವನು ಮೂರು ವರ್ಷದ ಬೆನಕ ಒಬ್ಬನೇ. ಅವನಿಗೂ ಉಳಿದಿದ್ದುದು ಕಣ್ಣು ಮತ್ತು ಪಕ್ಕೆಲುಬು. ಈರಕ್ಕ ಮೇಕೆಯ ಹಾಲನ್ನು ಒಳಲೆಯಲ್ಲಿ ಹುಯ್ದು ಹುಯ್ದು ಅವನನ್ನು ಉಳಿಸಿಕೊಂಡಳು. ಆಮೇಲೆ ಅವರಿಗೆ ಮಕ್ಕಳಾಗಲಿಲ್ಲ. ಬೆನಕ ಮರ ಹತ್ತಿದರೆ ದೇವೀರಪ್ಪ ಮರದ ಕೆಳಗೆ ನಿಲ್ಲುತ್ತಿದ್ದ. ಕೆರೆಗೆ ಈಜಲು ಹೋದರೆ ಏರಿಯ ಮೇಲೆ ಕೂರುತ್ತಿದ್ದ. ಹುಡುಗ ಕ್ರಮೇಣ ಮರ ಹತ್ತುವುದನ್ನೂ ಕೆರೆಗಿಳಿಯುವುದನ್ನೂ ಬಿಟ್ಟ.

ಹದಿನೆಂಟು ತುಂಬಿದ ಮೇಲೆ ಒಂದು ದಿನ, ಊಟಕ್ಕೆ ಕೂತಿದ್ದಾಗ, ತಟ್ಟೆಯಿಂದ ಕಣ್ಣೆತ್ತದೆ ಬೆನಕ ಕೇಳಿದ್ದ: "ಅಣ್ಣಯ್ಯ, ನಾನೂ ಗರಡಿಗೆ ಹೋಗ್ಲಾ?"

ಹಿಂದಿನ ವರ್ಷವಷ್ಟೇ ಶಿವನಿ ಕಡೆಯ ಒಬ್ಬ ಹುಡುಗ ಅಲ್ಲಿ ಬಿದ್ದು ಹೆಗಲ ಮೂಳೆ ಮುರಿದುಕೊಂಡಿದ್ದ. ಅವನನ್ನು ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಮಂಡಿಯ ಮುಂದೆಯೇ ಕರೆದುಕೊಂಡು ಹೋಗಿದ್ದರು. ಗಾಡಿಯ ಚಕ್ರ ಕಲ್ಲಿಗೆ ತಗುಲಿದಾಗಲೆಲ್ಲ ಆ ಹುಡುಗ ತುಟಿ ಕಚ್ಚುತ್ತಿದ್ದುದು ದೇವೀರಪ್ಪನ ಕಣ್ಣಿಂದ ಹೋಗಿರಲಿಲ್ಲ.

"ಗರಡೀಲಿ ಏನೇನಿದೆಯೋ ಅದನ್ನೆಲ್ಲ ಮನೆಗೇ ತರಿಸ್ತೀನಿ," ಎಂದಿದ್ದ ಅವನು. "ಅಲ್ಲಿಗ್ಯಾಕೆ ಹೋಗ್ಬೇಕು?"

"ಆಯ್ತಣ್ಣಯ್ಯ," ಎಂದು ಬೆನಕ ಅನ್ನ ಕಲಸಿದ.

ದೇವೀರಪ್ಪ ಕೊಟ್ಟ ಮಾತಿಗೆ ತಪ್ಪಲಿಲ್ಲ. ಹಿತ್ತಲಲ್ಲಿ ಹತ್ತಿ ತುಂಬುತ್ತಿದ್ದ ಕೊಠಡಿಯನ್ನು ಖಾಲಿ ಮಾಡಿಸಿ ನಡುವೆ ಕುಸ್ತಿ ಆಡುವ ಮಟ್ಟಿ ತೋಡಿಸಿದ. ಅಜ್ಜಂಪುರದ ಸುತ್ತ ಇರುವುದು ಎರೆಮಣ್ಣು. ಮಳೆ ಬಂದರೆ ಅಂಟು, ಬಿಸಿಲಾದರೆ ಬಿರುಕು. ಕುಸ್ತಿಗೆ ಕೆಮ್ಮಣ್ಣೇ ಆಗಬೇಕೆಂದು ಯಾರೋ ಹೇಳಿದರೆಂದು ತರೀಕೆರೆಯ ಆಚೆ ಬೆಟ್ಟದ ಬುಡದಿಂದ ಗಾಡಿಗಟ್ಟಲೆ ಹೊಡೆಸಿದ. ಈರಕ್ಕ ಅದನ್ನು ವಂದರಿಯಾಡಿ, ಮಜ್ಜಿಗೆ, ಅರಿಸಿನ, ಒಂದಿಷ್ಟು ತುಪ್ಪ ಹಾಕಿ ಹೋಳಿಗೆಯ ಕಣಕದ ಹಾಗೆ ಹದಮಾಡಿದಳು. ಬೆಂಗಳೂರಿನಿಂದ ರೈಲಿನಲ್ಲಿ ಸ್ಪ್ರಿಂಗಿನ ಡಂಬಲ್ಸು ಬಂತು. ಅದರ ಪೆಟ್ಟಿಗೆಯ ಮೇಲೆ ಮೀಸೆ ತಿರುವಿದ ದೊರೆಯೊಬ್ಬನ ಚಿತ್ರವಿತ್ತು. ಆಳೆತ್ತರದ ಕನ್ನಡಿ ಬಂತು. ಎತ್ತಲು ಗುಂಡುಕಲ್ಲು ಬಂತು. ಕಲ್ಲು ಜಾರಿ ಕಾಲ ಮೇಲೆ ಬಿದ್ದೀತೆಂದು ಅದರ ಸುತ್ತ ಹುಲ್ಲಿನ ಸಿಂಬಿಯೂ ಬಂತು.

ಬೆನಕ ದಿನವೂ ಬೆಳಗ್ಗೆ ಎದ್ದು ಕೊಠಡಿಗೆ ಹೋಗುತ್ತಿದ್ದ. ದಂಡ ಹೊಡೆಯುವಾಗಿನ ಉಸಿರು, ಬಸ್ಕಿಯ ಸದ್ದು ಅಡುಗೆಮನೆಗೆ ಕೇಳುತ್ತಿತ್ತು. ದೇವೀರಪ್ಪ ಪೂಜೆ ಮುಗಿಸಿ ವಿಭೂತಿ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತು, "ಏನಾದ್ರೂ ಬೇಕೇನೋ?" ಎಂದು ಕೇಳುವನು. "ಏನೂ ಬ್ಯಾಡಣ್ಣಯ್ಯ, ಎಲ್ಲಾ ಐತೆ" ಎಂದು ಉತ್ತರ ಬರುವುದು. ಹುಡುಗನ ಎದೆ ಅಗಲವಾಯಿತು, ತೋಳು ತುಂಬಿತು. ಮಾತು ಮಾತ್ರ ಕಡಿಮೆಯಾಗುತ್ತ ಬಂತು. ಮಂಡಿಯ ಮುಂದೆ ಗರಡಿಯ ಹುಡುಗರು ಗುಂಪಾಗಿ, ಒಬ್ಬರನ್ನೊಬ್ಬರು ತಳ್ಳಾಡಿಕೊಂಡು ಹೋಗುವಾಗ ಬೆನಕ ತಕ್ಕಡಿಯ ಮುಳ್ಳನ್ನೇ ನೋಡುತ್ತ ಕೂರುತ್ತಿದ್ದ.

ಒಂದು ಸಂಜೆ ದೇವೀರಪ್ಪ ಮಂಡಿಯಿಂದ ಬೇಗ ಮನೆಗೆ ಬಂದ. ಹಿತ್ತಲ ಕೊಠಡಿಯಲ್ಲಿ ಯಾರೋ ಏದುಸಿರು ಬಿಡುತ್ತಿದ್ದರು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಬೆನಕ ಒಂದು ಹತ್ತಿ ಮೂಟೆಯನ್ನು ನಿಲ್ಲಿಸಿಕೊಂಡಿದ್ದ. ಅದರ ನಡುವಿಗೆ ಹಗ್ಗ ಬಿಗಿದು ಸೊಂಟ ಮಾಡಿದ್ದ. ಬಗ್ಗಿ ಮಟ್ಟಿಯ ಮಣ್ಣು ಮುಟ್ಟಿ ಹಣೆಗೆ ಒತ್ತಿಕೊಂಡು, ಪೈಲ್ವಾನರು ಎದುರಾಳಿಯ ಕೈ ಮುಟ್ಟುವ ಹಾಗೆ ಮೂಟೆಯ ಮೂಲೆಯನ್ನು ಮುಟ್ಟಿದ. ಆಮೇಲೆ ಅದನ್ನು ತಬ್ಬಿ ಹಿಡಿದು ಎತ್ತಿ ಹಾಕಿದ. ಮೂಟೆ ಬಿದ್ದಲ್ಲೇ ಬಿದ್ದಿತ್ತು. ಬೆನಕ ತುಸು ಹೊತ್ತು, ಅದು ಏನಾದರೂ ಮಾಡೀತೇನೋ ಎಂಬಂತೆ, ಮೊಣಕಾಲ ಮೇಲೆ ಕೈಯಿಟ್ಟು ಕಾದ. ನಂತರ ತಾನೇ ನೆಲಕ್ಕೊರಗಿ, ಮೂಟೆಯನ್ನು ಮೈಮೇಲೆ ಎಳೆದುಕೊಂಡು, ಅದರ ಅಡಿಯಿಂದ ತಪ್ಪಿಸಿಕೊಳ್ಳುವ ಪಟ್ಟು ಹಾಕಿದ. ಎದ್ದು ಮೂಟೆಗೆ ಮೆತ್ತಿದ ಮಣ್ಣನ್ನು ಕೊಡವಿದ.

ದೇವೀರಪ್ಪ ಸದ್ದಾಗದಂತೆ ಹಿಂದೆ ಸರಿದು ಅಡುಗೆಮನೆಗೆ ಬಂದ. ಈರಕ್ಕ ಜೋಳದ ರೊಟ್ಟಿ ತಟ್ಟುತ್ತಿದ್ದಳು.

"ಮೂಟೆ ಜೊತೆ ಕುಸ್ತಿ ಆಡ್ತಿದಾನೆ ಕಣೇ."

"ನಾನು ದಿನಾ ನೋಡ್ತೀನಿ."

"ನನಗೆ ಹೇಳ್ಬಾರ್ದಾಗಿತ್ತಾ?"

"ಏನಂತ ಹೇಳ್ಲಿ?" ಈರಕ್ಕ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ ನೀರು ಸವರಿದಳು. "ನೀವು ಬೆಂಗಳೂರಿಂದ ತರ್ಸೋ ಸಾಮಾನಾ ಅದು? ಅವನಿಗೆ ಬೇಕಾಗಿರೋದು ತಿರುಗಿ ಹಿಡಿಯೋ ಕೈ."

ಮರುದಿನ ಬೆಳಗ್ಗೆ ಬೆನಕ ಕೊಠಡಿಗೆ ಹೋದಾಗ ಅಣ್ಣ ಆಗಲೇ ಮಟ್ಟಿಯ ನಡುವೆ ನಿಂತಿದ್ದ. ಪಂಚೆಯನ್ನು ಕಚ್ಚೆ ಬಿಗಿದಿದ್ದ. ಕೊರಳ ಲಿಂಗವನ್ನು ಬಟ್ಟೆಯಲ್ಲಿ ಭದ್ರವಾಗಿ ಸುತ್ತಿ ತೋಳಿಗೆ ಕಟ್ಟಿಕೊಂಡಿದ್ದ. ಹೊಟ್ಟೆ ಕಚ್ಚೆಯ ಮೇಲೆ ಧಾರಾಳವಾಗಿ ಇಳಿಬಿದ್ದಿತ್ತು.

"ಅಣ್ಣಯ್ಯ... ನೀನಾ?"

"ಯಾಕೆ, ನಾನು ಹತ್ತಿ ಮೂಟೆಗಿಂತ ಕಡೇನಾ? ಬಾ, ಹಿಡಿ."

ಬೆನಕನ ಮುಖ ಕೆಂಪಾಯಿತು. ಅವನು ಮಣ್ಣು ಮುಟ್ಟಿದ, ಅಣ್ಣನ ಪಾದವನ್ನೂ ಮುಟ್ಟಿದ. ಇಬ್ಬರೂ ಒಬ್ಬರ ಕೊರಳ ಹಿಂದೊಬ್ಬರು ಕೈಹಾಕಿ ತಲೆಗೆ ತಲೆ ಕೊಟ್ಟು ನಿಂತರು. ಹಬ್ಬಗಳಲ್ಲಿ ಕಾಲಿಗೆರಗಿದಾಗ ತಲೆ ಮುಟ್ಟಿ ಹರಸಿದ್ದು ಬಿಟ್ಟರೆ ದೇವೀರಪ್ಪ ಈ ಹುಡುಗನನ್ನು ಮುಟ್ಟಿ ಎಷ್ಟೋ ಕಾಲವಾಗಿತ್ತು. ಆ ಹೊಲದ ಗುಡಿಸಲಿನಲ್ಲಿ ಜ್ವರ ಬಂದ ಬೆನಕನನ್ನು ಎದೆಯ ಮೇಲೆ ಮಲಗಿಸಿಕೊಂಡಾಗ ಆ ಪುಟ್ಟ ಬೆನ್ನಿಗೆ ತನ್ನ ಒಂದು ಅಂಗೈ ಸಾಕಾಗಿತ್ತು. ಉಸಿರಿದೆಯೋ ಇಲ್ಲವೋ ಎಂದು ಆ ಅಂಗೈಯಿಂದಲೇ ನೋಡುತ್ತಿದ್ದ. ಈಗ ಎರಡೂ ತೋಳು ಬಳಸಿದರೂ ಬೆನ್ನು ಮುಗಿಯಲಿಲ್ಲ. ಬೆವರಿನಲ್ಲಿ ಮಜ್ಜಿಗೆ, ಮಣ್ಣು, ಈರಕ್ಕ ಹಚ್ಚಿದ ಹರಳೆಣ್ಣೆಯ ವಾಸನೆ ಬೆರೆತಿತ್ತು.

ದೇವೀರಪ್ಪ ಎಳೆದ. ಬೆನಕ ಬಿದ್ದ.

ಆ ಬೆಳಗ್ಗೆ ದೇವೀರಪ್ಪ ರೊಟ್ಟಿಯ ಮೇಲೆ ರೊಟ್ಟಿ ಹಾಕಿಸಿಕೊಂಡು ತಿಂದ. "ನಮ್ಮ ಕಾಲದ ಮೈಕಟ್ಟೇ ಬೇರೆ ಕಣೇ," ಎಂದು ಹೆಂಡತಿಗೆ ಹೇಳಿದ. ಈರಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಬೆಣ್ಣೆ ತರುವ ನೆಪದಲ್ಲಿ ಒಳಗೆ ಹೋದಳು. ಮರುದಿನವೂ ಅವನೇ ಗೆದ್ದ. ಅದರ ಮರುದಿನವೂ ಗೆದ್ದ. ಮೈಯೆಲ್ಲ ನೋಯುತ್ತಿತ್ತು, ಮಂಡಿಯಲ್ಲಿ ಕೂತರೆ ಏಳಲು ಗೋಡೆ ಹಿಡಿಯಬೇಕಾಗುತ್ತಿತ್ತು. ಆದರೂ ಬೆಳಗಾಗುವುದನ್ನೇ ಕಾಯುತ್ತಿದ್ದ.

ಆ ವಾರ ಕಳೆಯುವುದರೊಳಗೆ ಒಂದು ಬೆಳಗ್ಗೆ ಅವನ ಹಿಮ್ಮಡಿ ಜಾರಿತು. ಮಟ್ಟಿಯ ಅಂಚಿಗೆ ಕಟ್ಟಿದ್ದ ಕಲ್ಲಿನ ಕಡೆಗೇ ತಲೆ ವಾಲಿತು. ಕಣ್ಣು ಮುಚ್ಚಿಕೊಳ್ಳುವಷ್ಟರಲ್ಲಿ ತಲೆಯ ಕೆಳಗೆ ಒಂದು ಕೈ ಬಂದಿತ್ತು, ಸೊಂಟಕ್ಕೆ ಇನ್ನೊಂದು. ಬೆನಕ ಅವನನ್ನು ಅನಾಮತ್ತಾಗಿ ಮೇಲೆತ್ತಿ, ಮಟ್ಟಿಯ ನಡುವಿಗೆ ತಂದು, ತುಂಬಿದ ಕೊಡ ಇಳಿಸುವ ಹಾಗೆ ಇಳಿಸಿದ. ಅವನ ಉಸಿರು ಸ್ವಲ್ಪವೂ ಏರಿರಲಿಲ್ಲ.

ದೇವೀರಪ್ಪ ಕೂತಲ್ಲಿಂದಲೇ ತಮ್ಮನನ್ನು ದಿಟ್ಟಿಸಿದ.

"ಇಷ್ಟು ದಿನ ಬೇಕಂತಲೇ ಬೀಳ್ತಿದ್ದೆ ನೀನು."

ಬೆನಕ ಕಾಲಬೆರಳಿನಿಂದ ಮಣ್ಣು ಕೆದರಿದ.

ದೇವೀರಪ್ಪ ಎದ್ದು ನಿಂತ. "ಈಗ ಸರಿಯಾಗಿ ಹಿಡಿ. ಎತ್ತಿ ಹಾಕು ನನ್ನ."

"ಬ್ಯಾಡಣ್ಣಯ್ಯ."

"ಹಾಕು ಅಂದ್ನಲ್ಲ."

ಬೆನಕ ಹತ್ತಿರ ಬಂದು ಹಿಡಿದ. ದೇವೀರಪ್ಪನ ಕಾಲು ನೆಲ ಬಿಟ್ಟಿತು. ಹಾಗೇ ಒಂದು ಗಳಿಗೆ ಹುಡುಗ ಅವನನ್ನು ಎತ್ತಿ ಹಿಡಿದುಕೊಂಡೇ ನಿಂತ. ಮತ್ತೆ ಮೊದಲಿನ ಹಾಗೇ, ಮೆಲ್ಲಗೆ, ಬೆನಕ ಅವನನ್ನು ಮಣ್ಣಿನ ಮೇಲೆ ಕೂರಿಸಿದ.

"ಆಗಲ್ಲ," ಎಂದ. "ನಿಂಗೇನಾದ್ರೂ ಆದ್ರೆ ನಾನೇನ್ಮಾಡ್ಲಿ ಅಣ್ಣಯ್ಯ?"

ಆ ಮಾತನ್ನು ದೇವೀರಪ್ಪ ಹದಿನೈದು ವರ್ಷಗಳಿಂದ ದಿನವೂ ಮನಸ್ಸಿನಲ್ಲೇ ಆಡಿಕೊಂಡು ಬಂದಿದ್ದ. ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅಂದೇ. ಕನ್ನಡಿಯಲ್ಲಿ ಕೆಂಪು ಮಣ್ಣು ಮೆತ್ತಿಕೊಂಡ ಇಬ್ಬರು ಕಾಣುತ್ತಿದ್ದರು, ಒಬ್ಬ ಕೂತವನು, ಒಬ್ಬ ನಿಂತವನು.

"ಕೈ ಕೊಡು," ಎಂದು ಎದ್ದ. "ಮೈಮೇಲೆ ಎರಡು ತಂಬಿಗೆ ನೀರು ಹುಯ್ಕೋ. ಹಂಗೇ ಅಂಗಿ ಹಾಕ್ಕೋ."

"ಎಲ್ಲಿಗೆ?"

"ಬಾ ಅಂದ್ರೆ ಬಾ."

ಅವಸರದಲ್ಲಿ ತೊಳೆದುಕೊಂಡಿದ್ದರಿಂದ ಪೇಟೆಯಲ್ಲಿ ನಡೆಯುವಾಗ ದೇವೀರಪ್ಪನ ಕಿವಿಯ ಹಿಂದೆ ಕೆಮ್ಮಣ್ಣು ಒಣಗಿ ಉದುರುತ್ತಿತ್ತು. ಅಂಗಡಿ ತೆರೆಯುತ್ತಿದ್ದವರು ತಿರುಗಿ ನೋಡಿದರು. ಅವನು ಗಮನಿಸಲಿಲ್ಲ.

ಕೆರೆ ಏರಿಯ ಕೆಳಗಿನ ಗರಡಿ ತಗ್ಗು ಬಾಗಿಲಿನ ಮಣ್ಣಿನ ಮನೆ. ಉಸ್ತಾದ್ ಕೆಂಚಪ್ಪ ಹೊರಗಿನ ಕಟ್ಟೆಯ ಮೇಲೆ ಕೂತು ಬಾದಾಮಿ ಸುಲಿಯುತ್ತಿದ್ದ. ತಲೆ ನರೆತಿತ್ತು, ವರ್ಷಗಟ್ಟಲೆ ಕುಸ್ತಿ ಹಿಡಿದು ಕಿವಿಗಳು ಮಡಿಚಿ ಮುದುಡಿ ಹೋಗಿದ್ದವು.

"ಹುಡುಗನ್ನ ಕರ್ಕೊಂಡು ಬಂದಿದೀನಿ," ಎಂದ ದೇವೀರಪ್ಪ.

"ನಿಮ್ಮನೇಲೇ ಎಲ್ಲಾ ಇಟ್ಕೊಂಡಿದೀರಂತಲ್ಲ ಸಾವ್ಕಾರ್ರೆ. ಇಂಗ್ಲಿಷ್ ಸಾಮಾನೂ ಐತಂತೆ."

"ಎಲ್ಲಾ ಇದೆ. ಜೋಡಿ ಒಂದಿಲ್ಲ."

ಕೆಂಚಪ್ಪ ಬೆನಕನನ್ನು ಹತ್ತಿರ ಕರೆದು ಹೆಗಲನ್ನೂ ಮೊಣಕಾಲಿನ ಹಿಂಭಾಗವನ್ನೂ ಒತ್ತಿ ನೋಡಿದ.

"ಚಿಕ್ಕೋನಿದ್ದಾಗ ಬಹಳ ಬಡವಾಗಿದ್ದ ಇವನು," ದೇವೀರಪ್ಪ ದನಿ ತಗ್ಗಿಸಿ ಹೇಳಿದ. "ಅದಕ್ಕೇ, ಸ್ವಲ್ಪ ಮೆತ್ತಗೆ..."

"ಮೆತ್ತಗೆ ಬೀಳೋದು ಕಲಿಸ್ತೀನಿ. ಅದೇ ಮೊದಲ್ನೇ ಪಾಠ ಇಲ್ಲಿ," ಎಂದ ಕೆಂಚಪ್ಪ. "ಮೆತ್ತಗೆ ಹಾಕು ಅಂತ ಮಾತ್ರ ಯಾರಿಗೂ ಹೇಳಾಕಾಗಲ್ಲ ಸಾವ್ಕಾರ್ರೆ." ಆಮೇಲೆ ಬೆನಕನಿಗೆ, "ಒಳಗೆ ನಡಿಯಪ್ಪಾ," ಎಂದ.

ಬೆನಕ ಅಂಗಿ ಬಿಚ್ಚಿ ಅಣ್ಣನ ಕೈಗೆ ಕೊಟ್ಟು, ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಹೋದ. ಹಿಂತಿರುಗಿ ನೋಡಲಿಲ್ಲ. ಕೆಂಚಪ್ಪನೂ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಸಾಮು ನಡೆಯುವಾಗ ಹೊರಗಿನವರನ್ನು ಬಿಡುವ ಪದ್ಧತಿಯಿರಲಿಲ್ಲ.

ಮಂಡಿ ತೆರೆಯುವ ಹೊತ್ತು ಮೀರಿತ್ತು. ದೇವೀರಪ್ಪ ಒಂದಷ್ಟು ದೂರ ಹೋಗಿ ಮತ್ತೆ ಬಂದು ಗರಡಿಯ ಗೋಡೆಗೆ ಬೆನ್ನು ಕೊಟ್ಟು ನಿಂತ. ಒಳಗೆ ಕೆಂಚಪ್ಪನ ದನಿ, ಕಾಲುಗಳು ಮಣ್ಣು ತುಳಿಯುವ ಸದ್ದು. ನಂತರ ಧೊಪ್ಪೆಂದು ಒಂದು ಮೈ ಬಿತ್ತು. ಗೋಡೆ ಸಣ್ಣಗೆ ಅದುರಿತು. ದೇವೀರಪ್ಪ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟು ನಿಂತ. ಬಿದ್ದವನು ಯಾರೆಂದು ಹೊರಗಿನಿಂದ ತಿಳಿಯುವಂತಿರಲಿಲ್ಲ. ಮತ್ತೊಮ್ಮೆ ಬಿತ್ತು. ಯಾರೋ ಏನೋ ಅಂದರು. ಆಮೇಲೆ ಒಂದು ನಗು ಕೇಳಿಸಿತು, ಎದೆಯ ಆಳದಿಂದ ಬಂದ ಗಂಡುದನಿಯ ನಗು. ಅದು ಬೆನಕನದೆಂದು ಗುರುತು ಹತ್ತಲು ಅವನಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಅವನು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಅಂಗಿಯನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು, ಬಲಗೈಯನ್ನು ಹಿಂದಕ್ಕೆ ಚಾಚಿ ಅಂಗೈಯನ್ನು ಮಣ್ಣಿನ ಗೋಡೆಗೆ ಒತ್ತಿದ. ಒಳಗೆ ಮತ್ತೆ ಯಾರೋ ಬಿದ್ದರು. ಅದುರು ಅಂಗೈಗೆ ಬಂದು, ಮೊಣಕೈವರೆಗೂ ಏರಿ, ನಿಂತಿತು. ಅವನು ಕೈ ತೆಗೆಯಲಿಲ್ಲ.