ಎಡಕ್ಕೆ ಹೋಗುವ ಗುಂಡು

ಗೋರಖನಾಥ ಶಿವಕಾಂತನ ಕೈಯಿಂದ ಬಂದೂಕನ್ನು ಕಸಿದುಕೊಂಡ. ಅಂಗಳದಲ್ಲಿ ಭಜನೆ ನಿಂತಿತು. ಗೋಡೆಗೆ ಒರಗಿಸಿ ಕೂರಿಸಿದ್ದ ವೈಜಿನಾಥನ ಶರೀರಕ್ಕೆ ಮಾಲೆ ಹಾಕುತ್ತಿದ್ದವರು ತಿರುಗಿ ನೋಡಿದರು.

“ಸತ್ತ ಅಣ್ಣನ ಹೆಸರಿಲೆ ಲೈಸೆನ್ಸ್ ಅದರಿ. ಭಾಲ್ಕಿ ಠಾಣಾದಾಗ ಒಪ್ಪಿಸಬೇಕು, ಕೊಡ್ರಿ,” ಎಂದ ವೈಜಿನಾಥನ ತಮ್ಮ ಶಿವಕಾಂತ.

“ಕೊಡ್ತೇನಿ. ಒಂದ್ಸಲ ನೋಡ್ತೇನಿ.”

ಬಂದೂಕಿನ ಕೆಳಗಿನ ಕುಣಿಕೆಯಾಕಾರದ ಹಿಡಿ ಎಳೆದು ತೆರೆದು, ಒಳಗೆ ಗುಂಡಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೋರಖನಾಥ ಅದನ್ನು ಆಕಾಶದತ್ತ ಹಿಡಿದ. ಗುರಿ ನೋಡುವ ಹಿಂದಿನ ಕಚ್ಚು, ನಳಿಗೆಯ ತುದಿಯ ಮಖ್ಖಿ ಎಂಬ ಪುಟ್ಟ ಗುಬುಟು ಎರಡೂ ಒಂದೇ ಗೆರೆಯಲ್ಲಿದ್ದವು. ಬ್ಯಾಂಕಿನ ಕಾವಲು ಕೆಲಸದಿಂದ ನಿವೃತ್ತನಾದಾಗ, ಕಾಡುಹಂದಿಗಳಿಂದ ಜೋಳ ಕಾಯಲೆಂದು ಗೆಳೆಯ ವೈಜಿನಾಥ ಕೇಳಿದ್ದಕ್ಕೆ ಗೋರಖನಾಥನೇ ಇದನ್ನು ಮಾರಿದ್ದ. ಮರುವರ್ಷ ವೈಜಿನಾಥ ಔರಾದ ಸಂತೆಯಲ್ಲಿ ಮಂದಿಯ ಎದುರು, “ಸೊಟ್ಟ ಬಂದೂಕು ಕೊಟ್ಟು ಮೋಸ ಮಾಡಿದಿ” ಎಂದಿದ್ದ. ಅಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

“ತಂಗಿ, ಇದು ಸೀದಾ ಅದ. ಯಾರು ಸರಿ ಮಾಡಿದ್ರು?”

ವೈಜಿನಾಥನ ಹೆಂಡತಿ ಸಿದ್ದೇಶ್ವರಿ ಶರೀರದ ಪಕ್ಕದಿಂದ ಏಳಲಿಲ್ಲ. “ಯಾರೂ ಮಾಡಿಲ್ಲಣ್ಣಾ. ಮೊದ್ಲಿಂದನೂ ಸೀದಾನೇ ಇತ್ತು.”

*

ಸಂತೆಯ ಜಗಳದ ನಂತರ ವೈಜಿನಾಥ ಬಂದೂಕನ್ನು ರಿಪೇರಿಗೆ ಒಯ್ದಾಗ ಅವಳೂ ಜೊತೆಗೆ ಹೋಗಿದ್ದಳು. ಬೀದರಿನ ಹೊರಗೆ, ಹಾಳುಬಿದ್ದ ಕಲ್ಲುಗಣಿಯಲ್ಲಿ, ಬಂದೂಕು ರಿಪೇರಿಯ ಕರೀಮ ಸಾಬರು ಮರಳಿನ ಚೀಲದ ಮೇಲೆ ನಳಿಗೆಯಿಟ್ಟು ಗುಂಡು ಹಾರಿಸಿದರು. ರಟ್ಟಿನ ಮೇಲಿನ ಮಸಿಬೊಟ್ಟಿಗೇ ತೂತು ಬಿತ್ತು. ಇನ್ನೆರಡು ಹಾರಿಸಿದರು. ಅವೂ ಅಲ್ಲೇ. ಆಮೇಲೆ ವೈಜಿನಾಥ ಭುಜಕ್ಕೆ ಹಿಡಿದು ಹಾರಿಸಿದ. ಎಡಕ್ಕೆ, ಕೆಳಗೆ. ಮತ್ತೊಮ್ಮೆಯೂ ಹಾಗೇ.

“ಬಂದೂಕಿನಾಗ ಐಬಿಲ್ರಿ,” ಎಂದರು ಸಾಬರು. “ಬಲಭುಜಕ್ಕ ಹಿಡಿದು ಎಡಗಣ್ಣಿಂದ ಗುರಿ ನೋಡ್ಲತೀರಿ. ಅದಕ್ಕ ಕುತ್ತಿಗಿ ವಾಲ್ತದ, ಕೂಡೇ ಬಂದೂಕೂ ವಾಲ್ತದ. ಎಡಗಣ್ಣು ಮುಚ್ಚ್ರಿ ನೋಡೋಣ.”

ವೈಜಿನಾಥ ಅಂಗೈಯಿಂದ ಮುಚ್ಚಿಕೊಂಡ. ಬರೀ ಬಲಗಣ್ಣಿನಿಂದ ಗಣಿಯುದ್ದಕ್ಕೂ ಹುಡುಕಿದ.

“ರಟ್ಟು ಎಲ್ಲಿಟ್ಟೀರಿ?” ಎಂದ.

ಮರಳುವಾಗ ಬಸ್ಸಿನಲ್ಲಿ ಹೆಂಡತಿಗೆ ಹೇಳಿದ, “ಯಾರ ಮುಂದೂ ಅನಬ್ಯಾಡ. ಕಣ್ಣು ಹೋದವನ ಕೈಯಾಗ ಬಂದೂಕು ಬಿಡಂಗಿಲ್ಲ.”

“ಗೋರಖಣ್ಣಗರೆ ಹೇಳ್ರಿ.”

“ಅವಗ ಹ್ಯಾಂಗ ಮಾರಿ ತೋರಸ್ಲಿ?” ಎಂದು ಕಿಟಕಿಯತ್ತ ತಿರುಗಿದ.

*

“ಊರೆಲ್ಲ ನನಗ ಮೋಸಗಾರ ಅಂತು ತಂಗಿ.” ಸಿದ್ದೇಶ್ವರಿ ಎಲ್ಲ ಹೇಳಿ ಮುಗಿಸಿದ ಮೇಲೆ ಗೋರಖನಾಥ ಅಂದ. “ಒಂದು ಆಡು ಮಾರಿದ್ರೂ ಮಂದಿ ಅದರ ಹಲ್ಲು ತಿರುತಿರುಗಿ ನೋಡ್ತಿದ್ರು. ಇವ ಒಂದು ಮಾತು ಅಂದಿದ್ರ ಸಾಕಿತ್ತು.”

“ಹೌದಣ್ಣಾ,” ಎಂದಳು ಸಿದ್ದೇಶ್ವರಿ.

ಅವನು ಬಂದೂಕನ್ನು ಶಿವಕಾಂತನಿಗೆ ಕೊಟ್ಟು ಹೊರಗೆ ನಡೆದ. ಮೆರವಣಿಗೆಯ ಹಿಂದೆ ಹೋದನಾದರೂ, ಎಲ್ಲರೂ ಮಣ್ಣು ಹಾಕುವಾಗ ಬೇವಿನ ಮರದ ಬುಡದಲ್ಲೇ ನಿಂತ.

ಬಸ್ಸಿಗೆಂದು ರಸ್ತೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಪಕ್ಕದಲ್ಲೇ ವೈಜಿನಾಥನ ಹೊಲ. ಜೋಳದ ತೆನೆಯಲ್ಲಿ ಹಾಲುಗಾಳು ಕಟ್ಟಿತ್ತು. ಸೂತಕದ ಮನೆಯಿಂದ ಕಾಯಲು ಯಾರೂ ಬಂದಿರಲಿಲ್ಲ. ಗಾಳಿಯಿಲ್ಲದಿದ್ದರೂ ನಡುವಿನ ಸಾಲೊಂದು ಅಲುಗಾಡಿತು. ಹಿಂದೆಯೇ ದಂಟು ಮುರಿಯುವ ಸದ್ದು.

ಔರಾದ ಕಡೆಗೆ ಹೋಗುವ ಬಸ್ಸು ಬಂದು ನಿಂತಿತು. ಕಂಡಕ್ಟರು ಕೂಗಿದ. ಆಗಲೇ ಗೋರಖನಾಥ ಬದು ದಾಟಿ, ಅಟ್ಟಣಿಗೆ ಹತ್ತಿ, ಅಲ್ಲಿ ತೂಗುಹಾಕಿದ್ದ ತಗಡಿನ ಡಬ್ಬಿಯನ್ನು ಕೋಲಿನಿಂದ ಬಡಿಯತೊಡಗಿದ್ದ.

“ಹೋಯ್! ಹೋಯ್!”

ಹಂದಿಗಳು ತಲೆಯೆತ್ತಿದವು.

“ಹೋಯ್! ವೈಜ್ಯಾ! ಹೇಳಬಾರದಾಗಿತ್ತೇನಲೇ? ನಾನೇ ಬಂದು ಕಾಯ್ತಿದ್ದೆನಲ್ಲೋ, ವೈಜ್ಯಾ!”

ಹಂದಿಗಳು ಹಳ್ಳ ದಾಟಿ ಓಡಿಹೋದವು. ಅವನು ಡಬ್ಬಿ ಬಡಿಯುತ್ತಲೇ ಇದ್ದ.