ಸರದಿ ಹಂಚುವ ಆರ್ನೆ

ಆರ್ನೆ ವಿಕ್‌ಸ್ಟ್ರಾಮ್ ಯಾವ ಸಾಲಿನಲ್ಲಾದರೂ ಕೊನೆಗೇ ನಿಲ್ಲುತ್ತಿದ್ದ. ಅದು ವಿನಯವಲ್ಲ, ಕುತೂಹಲ. ದಿನಸಿ ಅಂಗಡಿಯಲ್ಲಾಗಲಿ, ಕಚೇರಿಯ ಕಾಫಿಯ ಮುಂದಾಗಲಿ, ಮೊಣಕೈ ಸವೆದ ಸಾಸಿವೆ ಬಣ್ಣದ ಕೋಟಿನ ಜೇಬಿಗೆ ಎರಡೂ ಕೈ ಇಳಿಬಿಟ್ಟು, ಕೊಕ್ಕರೆಯಂತೆ ಕತ್ತು ಚಾಚಿ, ಯಾರು ಮುಂದೆ ಸರಿದರು, ಯಾರು ನಿಂತಲ್ಲೇ ನಿಂತರು ಎಂದು ನೋಡುವುದರಲ್ಲಿ ಅವನಿಗೆ ಅಪಾರ ಸುಖ.

ಸಿಯಾಟಲ್ ಬಳಿಯ ನಮ್ಮ ಕಂಪನಿಯಲ್ಲಿ, ಮೇಜಿನ ಮೇಲಿನ ಕಂಪ್ಯೂಟರುಗಳ ಆಪರೇಟಿಂಗ್ ಸಿಸ್ಟಮ್ಮಿಗೆ ಶೆಡ್ಯೂಲರ್ ಬರೆಯುವುದು ಅವನ ಕಸುಬು. ಪ್ರೊಸೆಸರಿಗಾಗಿ ಕಾದು ನಿಂತ ನೂರಾರು ಕೆಲಸಗಳಿಗೆ ಸರದಿ ಹಂಚುವ ಭಾಗ ಅದು. ಬಡಿಸುವವನು ನಮ್ಮವನಾದರೆ ಕೊನೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಎನ್ನುತ್ತಾರಲ್ಲ, ಆರ್ನೆಯ ಚಿಂತೆಯೆಲ್ಲ ಬಡಿಸುವವನ ಪರಿಚಯವೇ ಇಲ್ಲದವನ ಬಗ್ಗೆ. ಯಾರಾದರೂ ಹೊಸ ಉಪಾಯ ತಂದು ಬೀಗಿದರೆ, ಕನ್ನಡಕವನ್ನು ಹಣೆಗೇರಿಸಿ ಒಂದೇ ಮಾತು ಕೇಳುತ್ತಿದ್ದ: "ಚೆನ್ನಾಗಿದೆ ಕಣಪ್ಪ. ಇದ್ರಿಂದ ಕಾಯೋರು ಯಾರು?"

ತನ್ನ ನಿವೃತ್ತಿಗೆ ಮುಂಚೆ ಹೊರಬರಲಿದ್ದ ಸಿಸ್ಟಮ್ಮಿನ ಕೊನೆಯ ಆವೃತ್ತಿಗೆಂದು ವರ್ಷವಿಡೀ ಅವನು ರೂಪಿಸಿದ ಶೆಡ್ಯೂಲರಿನ ತತ್ತ್ವ ಸರಳ: ಬಳಸುವವನ ಕೈ ಈಗ ಯಾವ ಕೆಲಸದ ಮೇಲಿದೆಯೋ ಅದಕ್ಕೇ ಮೊದಲ ಮಣೆ. ಪರೀಕ್ಷೆಯಲ್ಲಿ ಅದು ಹಳೆಯದನ್ನು ಬಹುದೂರ ಹಿಂದಿಕ್ಕಿತು. ಆದರೆ ನಮ್ಮ ಕಸುಬಿನವರಿಗೆ ಒಂದು ಚಾಳಿಯುಂಟು; ಅಂಕಿ ಶುದ್ಧವಾಗಿ ಬರಲೆಂದು ಬೇರೆಲ್ಲವನ್ನೂ ನಿಲ್ಲಿಸಿ, ಬರಿದಾದ ಯಂತ್ರದ ಮೇಲೆ ಅಳೆಯುತ್ತೇವೆ. ಒಬ್ಬನೇ ಉಣ್ಣುವಲ್ಲಿ ಪಂಕ್ತಿಭೇದ ಯಾರಿಗೆ ಕಾಣಬೇಕು? ಆರ್ನೆಗೂ ಕಾಣಲಿಲ್ಲ.

ಪ್ರದರ್ಶನದ ದಿನ ಏನು ತೋಚಿತೋ, ತನ್ನ ಮನೆಯ ಹಳೆಯ ಯಂತ್ರಕ್ಕೇ ಹೊಸ ಶೆಡ್ಯೂಲರ್ ಹಾಕಿ ಹೊತ್ತು ತಂದ. ಅದರಲ್ಲಿ ವೈರಸ್ ಹುಡುಕಾಟ, ಕಡತಗಳ ನಕಲು ಎಲ್ಲವೂ ಒಟ್ಟಿಗೆ ನಡೆದಿದ್ದವು. ಒಂದು ಪುಟವನ್ನು ಮುದ್ರಣಕ್ಕೆ ಕಳಿಸಿ, ದೊಡ್ಡದೊಂದು ವಿಡಿಯೋ ತಿದ್ದತೊಡಗಿದ. ಚಿತ್ರ ನೀರಿನಂತೆ ಹರಿಯಿತು, ಕೋಣೆಯೆಲ್ಲ ಚಪ್ಪಾಳೆ. ಆರ್ನೆ ಮಾತ್ರ ವಿಡಿಯೋವನ್ನು ಓಡಲು ಬಿಟ್ಟು ಎದ್ದುಹೋಗಿ ಪ್ರಿಂಟರಿನ ಮುಂದೆ ಅಂಗೈ ಚಾಚಿ ನಿಂತುಬಿಟ್ಟ. ಸರದಿಯೆಲ್ಲ ವಿಡಿಯೋಗೇ ಹೋಗಿ, ಪುಟ ಹೊರಬಂದೇ ಇರಲಿಲ್ಲ.

"ಇನ್ನೇನ್ ಬೇಕು ನಿಂಗೆ? ಹಾರ್ತಾ ಇದೆ!" ಎಂದಳು ನಮ್ಮ ಮುಖ್ಯಸ್ಥೆ ಮಾರ್ಲಾ ಡನ್‌ಲೀವಿ.

"ಹಾರೋದು ಹಾರಲಿ. ನನ್ ಪುಟ ಎಲ್ಲಿ?"

"ಒಂದ್ ಪುಟಕ್ಕೆ ಹಟ ಹಿಡೀಬೇಡ ಮಾರಾಯ. ಈ ಸಲ ತಪ್ಪಿದ್ರೆ, ನೀನಿರೋವಾಗ ಇದು ಹೊರಗೇ ಬರಲ್ಲ."

"ನಾನು ಕಾಯ್ತೀನಿ ಬಿಡು. ಮನೇಲಿ ಪ್ರಿಂಟರ್ ಮುಂದೆ ನಿಂತಿರೋನು ಯಾಕ್ ಕಾಯ್ಬೇಕು?"

ಹಗುರವಾಗಿ ಆಡಿದ ಮಾತೇ, ಆದರೆ ವರ್ಷದ ದುಡಿಮೆಯನ್ನು ಅವನು ಅಂದೇ ತನ್ನ ಕೈಯಾರೆ ಹಿಂತೆಗೆದುಕೊಂಡ. ಆಮೇಲೆ ಅವನು ಸೇರಿಸಿದ್ದು ಒಂದೇ ನಿಯಮ: ಕಾದಷ್ಟೂ ಸರದಿ ಮೇಲೇರಬೇಕು. ಅಂಕಿಗಳು ತುಸು ಇಳಿದವು, ಪುಟ ಬಂತು. ಅಷ್ಟರಲ್ಲಿ ಹಳೆಯ ಶೆಡ್ಯೂಲರನ್ನೇ ಹೊತ್ತು ಆವೃತ್ತಿ ಹೊರಟುಹೋಗಿತ್ತು.

ಬೀಳ್ಕೊಡುಗೆಯ ದಿನ, ತನಗಾಗಿಯೇ ತಂದ ಕೇಕಿನ ಸಾಲಿನಲ್ಲೂ ಅವನು ಕೊನೆಗೇ ನಿಂತಿದ್ದ. ಚಾಕು ಹಿಡಿದ ಮಾರ್ಲಾ ತಲೆಯೆತ್ತಿ, "ಏ ಆರ್ನೆ, ಮುಂದೆ ಬಾ. ನಿಂದೇ ನಿಯಮ ಅಲ್ವಾ? ಕಾದಿದ್ದು ಸಾಕು," ಎಂದಳು. ಸಾಲು ಸರಿದು ದಾರಿ ಬಿಟ್ಟಿತು. ತಟ್ಟೆ ಹಿಡಿದು ತಿರುಗಿದವನ ಕಣ್ಣು ಆಗಲೂ ಅರಸಿದ್ದು ಬಾಗಿಲ ಬಳಿ ಈಗಷ್ಟೇ ಬಂದು ನಿಂತವನನ್ನು.

ಮೊದಲ ಎಲೆಗೆ ತುಪ್ಪ ಸುರಿದು ಭೇಷ್ ಎನ್ನಿಸಿಕೊಳ್ಳುವವರು ಎಲ್ಲ ಕಸುಬಿನಲ್ಲೂ ಇದ್ದಾರೆ; ಪಾತ್ರೆ ಹಿಡಿದು ಕೊನೆಯ ಎಲೆಯವರೆಗೂ ನಡೆಯುವವರು ವಿರಳ. ಅಂಥವರು ಬಡಿಸಿದ ಪಂಕ್ತಿಯಲ್ಲಿ ಉಂಡೆದ್ದವರಿಗೆ, ತಾವು ಎಲ್ಲಿ ಕೂತಿದ್ದೆವೆಂಬುದೇ ನೆನಪಿರುವುದಿಲ್ಲ.